ಮರಕ್ಕೆ ಬೆಣೆ, ಗರಗಸಕ್ಕೆ ಬೆಣ್ಣೆ

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂತಿರುವ ಅತ್ತಿಗೆಗೆ, ಮಗಳಿಗೆ, ಅಳಿಯಂದಿರಿಗೆ, ದೂರದಿಂದ ಬಂದ ನೆಂಟರಿಗೆ — ಮತ್ತೆ ನಮ್ಮ ಮರ ಕಡಿಯುವ ತಂಡದ ಅಣ್ಣತಮ್ಮಂದಿರಿಗೆ. ಹಿಂದೆ ಗೋಡೆಗೆ ಒರಗಿ ನಿಂತವರೇ, ಇಲ್ಲಿ ಕುರ್ಚಿ ಖಾಲಿ ಇದೆ, ಬಂದು ಕೂತುಕೊಳ್ಳಿ. ಬರುವುದಿಲ್ಲ ಅಂತ ಗೊತ್ತು. ಬೆನ್ನ ಹಿಂದೆ ಏನಿದೆ ಅಂತ ಗೊತ್ತಿದ್ದರೇ ನಿಮಗೆ ಸಮಾಧಾನ. ಆಗಲಿ, ಅಲ್ಲೇ ಇರಿ.

ಈ ಮೈಕು ನನಗೆ ಅಭ್ಯಾಸವಿಲ್ಲ. ಮೂವತ್ತು ವರ್ಷ ಮಷೀನಿನ ಸದ್ದಿನ ಮೇಲೆ ಕೂಗಿಯೇ ಮಾತಾಡಿದವನು ನಾನು. ದನಿ ಜೋರಾದರೆ ಕ್ಷಮಿಸಿ. ನಡುಗಿದರೂ ಕ್ಷಮಿಸಿ.

ಮೊದಲು ಈ ಬ್ಯಾನರಿನ ವಿಷಯ. ಎಲ್ಲರೂ ನೋಡಿದ್ದೀರಿ, ನೋಡಿ ಸುಮ್ಮನಿದ್ದೀರಿ. "ಬೆಣ್ಣೆಯಣ್ಣನವರಿಗೆ ಭಾವಪೂರ್ಣ ಶ್ರದ್ಧಾಂಜಲಿ" ಅಂತ ಅಚ್ಚಾಗಿದೆ. ಅಣ್ಣನನ್ನು ಊರೆಲ್ಲ ಕರೆದದ್ದು ಬೆಣೆಯಣ್ಣ ಅಂತ. ಪ್ರಿಂಟಿಂಗ್ ಅಂಗಡಿಗೆ ಫೋನ್ ಮಾಡಿದವನು ನಾನೇ. "ಬೆಣೆ, ಬೆಣೆ" ಅಂತ ಎರಡು ಸಲ ಒತ್ತಿ ಹೇಳಿದೆ. ಒತ್ತಿ ಹೇಳಿದ್ದಕ್ಕೆ ಅವನು ಒತ್ತು ಕೊಟ್ಟುಬಿಟ್ಟ. ಬೆಳಿಗ್ಗೆ ಇದನ್ನು ಬಿಚ್ಚಿ ನೋಡಿದಾಗ ಹರಿದು ಹಾಕೋಣ ಅನ್ನಿಸಿತು. ಆದರೆ ಅತ್ತಿಗೆ ನೋಡಿ, ಒಂಬತ್ತು ದಿನದಲ್ಲಿ ಮೊದಲ ಸಲ, ಸ್ವಲ್ಪ ನಕ್ಕರು. ಅದಕ್ಕೇ ಹಾಗೇ ಕಟ್ಟಿದೆ.

ಅಣ್ಣ ಇದ್ದಿದ್ದರೂ ಹಾಗೇ ಕಟ್ಟಿಸುತ್ತಿದ್ದರು. ಹೊಸಬರು ತಪ್ಪಾಗಿ ಬೆಣ್ಣೆಯಣ್ಣ ಅಂದರೆ ಅವರು ತಿದ್ದುತ್ತಿರಲಿಲ್ಲ. ಒಬ್ಬರು ಮನೆಗೇ ಬಂದು ಅರ್ಧ ಕೆ.ಜಿ. ಕೊಡಿ ಅಂದಿದ್ದರಂತೆ. ಅಣ್ಣ ಒಳಗೆ ಹೋಗಿ ಅರ್ಧ ಕೆ.ಜಿ. ತೂಕದ ಬೆಣೆಯೊಂದನ್ನು ಕಾಗದದಲ್ಲಿ ಸುತ್ತಿ ತಂದು ಕೈಗಿಟ್ಟರು. ಬಂದವರು ಅದನ್ನು ಮೂಸಿ ನೋಡಿದರು — ಹೀಗೆ!

ಈಗ ತಾನೇ ಅಣ್ಣನ ಮಗಳು ಮಾತಾಡಿದಳು. ಚೆನ್ನಾಗಿ ಮಾತಾಡಿದಳು. ಕೊನೆಯಲ್ಲಿ ಒಂದು ಮಾತು ಹೇಳಿದಳು: ಅಪ್ಪ ಎಲ್ಲದರಲ್ಲೂ ಜೋಪಾನ, ಒಂದೇ ಒಂದು ದಿನ ಹೆಲ್ಮೆಟ್ಟಿನ ಮುಖದ ಜಾಲರಿ ಹಾಕಿಕೊಳ್ಳದೆ ಕೆಲಸ ಮಾಡಿ ಒಂದು ಕಣ್ಣು ಕಳೆದುಕೊಂಡರು, ಆ ಒಂದು ಅಜಾಗರೂಕತೆಯಿಂದ ನೀವೆಲ್ಲ ಪಾಠ ಕಲಿಯಿರಿ, ಅಂತ. ನೀವೆಲ್ಲ ತಲೆ ಆಡಿಸಿದಿರಿ. ನನ್ನ ತಲೆಯೂ ಆಡಿತು, ಅಭ್ಯಾಸಬಲ.

ಮಗಳೇ, ಆ ಮಾತಿಗೆ ನಾನು ಆಮೇಲೆ ಬರುತ್ತೇನೆ. ಬರಲೇಬೇಕು. ಇವತ್ತು ಬರದಿದ್ದರೆ ಇನ್ನು ಯಾವತ್ತೂ ಬರುವುದಿಲ್ಲ. ನಾನು ಸುತ್ತಿ ಬಳಸಿ ಮಾತಾಡುವವನು, ಸ್ವಲ್ಪ ತಾಳಿಕೋ.

ನೆಂಟರಿಗೆ ನಮ್ಮ ಕೆಲಸ ಗೊತ್ತಿರಲಿಕ್ಕಿಲ್ಲ. ಮರ ಬೀಳಿಸುವಾಗ, ಬೀಳಬೇಕಾದ ಕಡೆ ಮೊದಲು ಒಂದು ಬಾಯಿ, ಅಂದರೆ ಕಚ್ಚು, ಕೊಯ್ಯುತ್ತೇವೆ. ಆಮೇಲೆ ಹಿಂದಿನಿಂದ ಚೈನ್ ಗರಗಸ ಹಾಕುತ್ತೇವೆ. ಗರಗಸ ಅರ್ಧ ಒಳಗೆ ಹೋದಾಗ ಮರ ಏನಾದರೂ ಹಿಂದಕ್ಕೆ ಕೂತಿತೋ, ಮುಗಿಯಿತು. ಗರಗಸ ಕಚ್ಚಿಕೊಂಡು ಬಿಡುತ್ತದೆ. ಆನೆ ಬಂದರೂ ಬಿಡಿಸಲಾರದು. ಅದಕ್ಕೇ ಕೊಯ್ದ ಸೀಳಿನಲ್ಲಿ, ಗರಗಸದ ಹಿಂದೆ, ಒಂದು ಬೆಣೆ ಹೊಡೆಯುತ್ತೇವೆ. ಇಷ್ಟುದ್ದ, ಅಂಗೈಯಷ್ಟು. ಕೊಡಲಿಯ ಹಿಂಬದಿಯಿಂದ ಒಂದು ಪೆಟ್ಟು ಕೊಟ್ಟರೆ ಸೀಳು ಉಗುರಿನಷ್ಟು ಅಗಲವಾಗುತ್ತದೆ. ಕೆಳಗೆ ಉಗುರಿನಷ್ಟು, ಮೇಲೆ ತುದಿ ಒಂದು ಮೊಳ ವಾಲುತ್ತದೆ.

ಅಲ್ಲೊಂದು ಗಳಿಗೆ ಇದೆ. ಗರಗಸ ನಿಲ್ಲಿಸಿದ್ದೇವೆ, ಕೊನೆಯ ಪೆಟ್ಟು ಬಿದ್ದಿದೆ, ಮರ ಇನ್ನೂ ಬಿದ್ದಿಲ್ಲ. ಹೊಟ್ಟು ಗಾಳಿಯಲ್ಲಿ ತೇಲುತ್ತಿರುತ್ತದೆ, ಬಿಸಿಲು ಅದರೊಳಗೆ ಸಿಕ್ಕಿಕೊಂಡಿರುತ್ತದೆ. ಕಿವಿಯಲ್ಲಿ ಮಷೀನಿನ ಗುಂಯ್ ಇನ್ನೂ ಇದೆ, ಲೋಕದಲ್ಲಿ ಮಾತ್ರ ಸದ್ದಿಲ್ಲ. ಅಣ್ಣ ಒಂದು ಅಂಗೈಯನ್ನು ಕಾಂಡದ ಮೇಲಿಟ್ಟು, ಮೇಲೆ ನೋಡುತ್ತಾ, ಇನ್ನೊಂದು ಕೈ ಎತ್ತಿ, ಮೆಲ್ಲಗೆ "ತಡಿ" ಅನ್ನುತ್ತಿದ್ದರು.

ಒಂದೇ ಮಾತು — ತಡಿ. ನಾವು ಅಷ್ಟೂ ಜನ ಉಸಿರು ಹಿಡಿದು ನಿಲ್ಲುತ್ತಿದ್ದೆವು. ಆ ಮಾತು ನಮಗೋ ಮರಕ್ಕೋ ಅಂತ ನಾನು ಒಮ್ಮೆ ಕೇಳಿದ್ದೆ. ಯಾರು ಕೇಳಿಸಿಕೊಳ್ತಾರೋ ಅವರಿಗೆ, ಅಂದರು. ಆಮೇಲೆ ಬುಡದಲ್ಲಿ ಸಣ್ಣಗೆ ಒಂದು ಚಟಪಟ, ತುದಿಯಲ್ಲಿ ಎಲೆಗಳ ಒಂದು ನಿಟ್ಟುಸಿರು, ಮರ ತಾನೇ ಮನಸ್ಸು ಮಾಡಿ ಹೊರಡುತ್ತಿತ್ತು. ಬಿದ್ದ ಮೇಲೆ ನೋಡಿದರೆ ಅಷ್ಟು ಹೊತ್ತು ಇಲ್ಲದ ಒಂದು ತುಂಡು ಆಕಾಶ ಅಲ್ಲಿರುತ್ತಿತ್ತು.

ಈ ಒಂಬತ್ತು ದಿನ ನನಗೆ ಹಾಗೇ ಆಗಿದೆ. ಅಣ್ಣನ ಶೆಡ್ಡಿನ ಕಡೆ ನೋಡಿದರೆ ಎಲ್ಲೋ ಒಂದು ಕಡೆ ಆಕಾಶ ಜಾಸ್ತಿ ಆದಂತೆ ಕಾಣುತ್ತದೆ. ಊಟದ ಮೇಲೆ ಕುರ್ಚಿಯಲ್ಲಿ ಕೂತು, ಕೈಯಲ್ಲಿ ಲೋಹ ಉಜ್ಜುವ ಅರ ಹಿಡಿದುಕೊಂಡೇ ನಿದ್ದೆಹೋದವರು ಏಳಲಿಲ್ಲ. ಮಡಿಲಲ್ಲಿ ಅರ್ಧ ಉಜ್ಜಿದ ಬೆಣೆ ಇತ್ತು. ಏಳಿಸೋದು ಬೇಡ ಅಂತ ಅತ್ತಿಗೆ ಒಂದು ಗಂಟೆ ಕಾದರು.

ಆ ಶೆಡ್ಡನ್ನು ನೋಡದವರಿಗೆ ಹೇಳುತ್ತೇನೆ. ಮನೆಯ ಹಿಂದೆ, ತಗಡಿನ ಚಾವಣಿ, ಪಶ್ಚಿಮಕ್ಕೆ ಒಂದು ಸಣ್ಣ ಕಿಟಕಿ. ಒಂದು ಮೂಲೆಯಲ್ಲಿ ಹಳೇ ಸ್ಕೂಟರುಗಳ ಪಿಸ್ಟನ್ನುಗಳ ರಾಶಿ, ಇನ್ನೊಂದರಲ್ಲಿ ತಳ ಹೋದ ಅಲ್ಯೂಮಿನಿಯಂ ಪಾತ್ರೆಗಳು. ತಳ ಹೋಗದ ಪಾತ್ರೆಗಳೂ ಕೆಲವು ಇದ್ದವು, ಅವು ಅಡುಗೆಮನೆಯಿಂದ ಕಾಲು ಬಂದು ನಡೆದುಕೊಂಡು ಬಂದವು. ಅತ್ತಿಗೆ, ನಿಮ್ಮ ದೊಡ್ಡ ಮುಚ್ಚಳ ಯಾರು ತೆಗೆದುಕೊಂಡರು ಅಂತ ನೀವು ಪಕ್ಕದ ಮನೆಯವರನ್ನು ಕೇಳಿದಿರಿ. ಅದು ಮೂರು ಬೆಣೆಯಾಗಿ ಈಗಲೂ ನನ್ನ ಚೀಲದಲ್ಲಿದೆ. ಮಗಳೇ, ನಿನ್ನ ಸ್ಕೂಲಿನ ಟಿಫಿನ್ ಡಬ್ಬಿಯೂ ಅಲ್ಲೇ ಕರಗಿತು. ನಿನ್ನ ಕೂದಲು ಒಣಗಿಸುವ ಯಂತ್ರವಂತೂ ಒಲೆಗೆ ಗಾಳಿ ಊದುತ್ತಾ ಊದುತ್ತಾ ಪ್ರಾಣ ಬಿಟ್ಟಿತು.

ಇದ್ದಿಲಿನ ಒಲೆ, ಅದರ ಮೇಲೆ ದಪ್ಪ ಕಬ್ಬಿಣದ ಪಾತ್ರೆ. ಪಿಸ್ಟನ್ನು, ಮುಚ್ಚಳ, ಡಬ್ಬಿ ಎಲ್ಲ ಒಂದೊಂದಾಗಿ ಅದರೊಳಗೆ ಕುಸಿದು ಕೂರುತ್ತಿದ್ದವು. ಮೇಲೆ ತೇಲುವ ಕಿಟ್ಟವನ್ನು ಅಣ್ಣ ಸೌಟಿನಿಂದ ಪಕ್ಕಕ್ಕೆ ಸರಿಸಿದರೆ, ಕೆಳಗೆ — ಏನು ಹೇಳಲಿ — ಕನ್ನಡಿ. ಅದರಲ್ಲಿ ಪಶ್ಚಿಮದ ಕಿಟಕಿ ತೇಲುತ್ತಿತ್ತು. ಒಂದು ಮೋಡ ಆ ಪಾತ್ರೆಯೊಳಗೆ ಹಾದುಹೋಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾವಿಬ್ಬರೂ ಬಗ್ಗಿ, ಮೋಡ ಪೂರ್ತಿ ದಾಟುವವರೆಗೆ ನೋಡುತ್ತಾ ನಿಂತಿದ್ದೆವು. ಕೆಲಸಗಳ್ಳರು ಅಂತ ಅತ್ತಿಗೆ ಬಾಗಿಲಲ್ಲಿ ನಿಂತು ಬೈದದ್ದೂ ನೆನಪಿದೆ.

ಆಮೇಲೆ ಎರಕ. ಮರದ ಮಾದರಿಯನ್ನು ಮರಳಿನಲ್ಲಿ ಒತ್ತಿ ತೆಗೆದರೆ ಅಚ್ಚು ಸಿದ್ಧ. ಮರಳು ಹೆಚ್ಚು ಒದ್ದೆ ಇರಬಾರದು, ಒದ್ದೆ ಇದ್ದರೆ ಲೋಹ ಕುದಿದು ಗುಳ್ಳೆ ಏಳುತ್ತದೆ, ಸಿಡಿಯಲೂಬಹುದು. ಹೊಯ್ದು, ಆರಿದ ಮೇಲೆ ತೆಗೆದು, ಅರದಿಂದ ಉಜ್ಜಿ, ಬೆಣೆ ಜಾರಿ ಹೊರಗೆ ಹಾರದಂತೆ ಮೈಮೇಲೆ ಅಡ್ಡಗೆರೆ ಕೊರೆಯುತ್ತಿದ್ದರು. ತಲೆಯಲ್ಲಿ ಒಂದು ತೂತು, ತೂತಿನಲ್ಲಿ ಕೆಂಪು ಬಟ್ಟೆಯ ಚೂರು, ಹೊಟ್ಟಿನಲ್ಲಿ ಕಳೆದುಹೋಗಬಾರದಲ್ಲ. ಇಲ್ಲಿ ಗೋಡೆಗೆ ಒರಗಿ ನಿಂತವರೆಲ್ಲ ಜೇಬು ಮುಟ್ಟಿ ನೋಡಿಕೊಳ್ಳಿ. ಅಣ್ಣನ ಬೆಣೆ ಇಲ್ಲದ ಜೇಬು ಇದೆಯಾ?

ಕಬ್ಬಿಣದ್ದು ಯಾಕೆ ಬೇಡ, ಗಟ್ಟಿ ಇರುತ್ತದಲ್ಲ ಅಂತ ಹೊಸಬರೆಲ್ಲ ಕೇಳುತ್ತಾರೆ. ನಾನೂ ಕೇಳಿದ್ದೆ. ಅಣ್ಣ ಹೇಳಿದ್ದು ಇದು: "ಮರಕ್ಕೆ ಬೆಣೆ ಆಗಿರ್ಬೇಕು ಕಣೋ, ಗರಗಸಕ್ಕೆ ಬೆಣ್ಣೆ ಆಗಿರ್ಬೇಕು."

ಓಡುತ್ತಿರುವ ಚೈನು ಅಲ್ಯೂಮಿನಿಯಮ್ಮಿಗೆ ತಗುಲಿದರೆ ಒಂದಿಷ್ಟು ಬೆಳ್ಳಗಿನ ಹೊಟ್ಟು ಉದುರುತ್ತದೆ, ಅಷ್ಟೇ, ಕೆಲಸ ಮುಂದುವರಿಯುತ್ತದೆ. ಗಟ್ಟಿ ಉಕ್ಕಿಗೆ ತಗುಲಿದರೆ ಚೈನಿನ ಹಲ್ಲು ಮುರಿದು ಸಿಡಿಯುತ್ತದೆ. ನೋಡಿ, ಹಾಗಾಗಿ ಬ್ಯಾನರಿನವನು ತಪ್ಪು ಮಾಡಿಲ್ಲ. ತಪ್ಪು ಮಾಡಿದವನು ನಾನು.

ಒಂದು ಲೋಟ ನೀರು ಕೊಡಿ... ಇರಲಿ, ಸಾಕು.

ಹತ್ತೊಂಬತ್ತು ವರ್ಷದ ಹಿಂದಿನ ಮಾತು. ಆಗ ಅಣ್ಣ ತಂಡದ ಮೇಸ್ತ್ರಿ, ನಾನು ಅವರ ಜೋಡಿ. ಅವರು ಕೊಯ್ಯುತ್ತಿದ್ದರು, ನಾನು ಬೆಣೆ ಹೊಡೆಯುತ್ತಿದ್ದೆ. ನಾನೇನು ಎಳೆಯವನಲ್ಲ, ಮೂವತ್ತೆಂಟು ತುಂಬಿತ್ತು, ಬುದ್ಧಿ ಮಾತ್ರ ತುಂಬಿರಲಿಲ್ಲ. ನನಗೂ ಬೆಣೆ ಎರಕ ಹೊಯ್ಯುವ ಹುಚ್ಚು ಹತ್ತಿತು. ತಾಳ್ಮೆ ಇಲ್ಲ, ಮರಳು ಆರಲು ಬಿಡುತ್ತಿರಲಿಲ್ಲ. ಮೊದಲನೆಯದು ತೆಗೆದರೆ ಮೈತುಂಬ ಗುಳ್ಳೆ. ಅಣ್ಣ ಅದನ್ನು ಬೆಳಕಿಗೆ ಹಿಡಿದು, ಇದು ಬೆಣೆಯೋ ಸ್ಪಂಜೋ ಅಂತ ಕೇಳಿ, ವಾಪಸ್ ಪಾತ್ರೆಗೆ ಹಾಕಿದರು. ಎರಡನೆಯದೂ ಪಾತ್ರೆಗೆ ಹೋಯಿತು. ಮೂರನೆಯದನ್ನು ತಂಡದ ಎದುರೇ ಹಾಕಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಒಳಗೆ ಮಾತ್ರ ಉರಿದುಹೋಗಿದ್ದೆ.

ಗ್ಯಾರೇಜಿನಲ್ಲಿ ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿ ಸಿಕ್ಕಿತು. ಗಟ್ಟಿ ಉಕ್ಕು. ಎರಡು ಭಾನುವಾರ ಕೂತು ಗ್ರೈಂಡರಿನಲ್ಲಿ ಬೆಣೆ ಮಾಡಿದೆ. ತೆಳ್ಳಗೆ, ಚೂಪಾಗಿ — ಎಷ್ಟು ಚೆಂದ ಬಂತು ಅಂದರೆ ದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದೆ. ಅಣ್ಣ ಉಕ್ಕು ಒಪ್ಪುವುದಿಲ್ಲ ಅಂತ ಗೊತ್ತಿತ್ತು. ಅದಕ್ಕೆ ಏನು ಮಾಡಿದೆ ಗೊತ್ತೇ? ಗೇಟಿಗೆ ಬಳಿಯುವ ಬೆಳ್ಳಿ ಬಣ್ಣದ ಪೇಂಟ್ ತಂದು ಬಳಿದೆ. ತಲೆಯಲ್ಲಿ ತೂತು, ತೂತಿಗೆ ಕೆಂಪು ಬಟ್ಟೆ. ಅಣ್ಣನ ಬೆಣೆಗಳ ಜೊತೆ ಇಟ್ಟರೆ ಒಡಹುಟ್ಟಿದವರಂತೆ ಕಾಣುತ್ತಿತ್ತು. ಕೈಗೆ ಎತ್ತಿಕೊಂಡಿದ್ದರೆ ತೂಕದಲ್ಲೇ ಗೊತ್ತಾಗಿಬಿಡುತ್ತಿತ್ತು. ಆದರೆ ಬೆಣೆ ಹೊಡೆಯುವ ಕೈ ನನ್ನದಲ್ಲವೇ.

ಒಂದು ಶಾಲೆಯ ಗೋಡೆ ಪಕ್ಕದ ಮರ, ರಜೆಯ ದಿನ. ಬೆಳಗ್ಗೆ ಹತ್ತು ಗಂಟೆಯ ಬಿಸಿಲು. ಅಣ್ಣ ಹಿಂದಿನಿಂದ ಕೊಯ್ಯುತ್ತಿದ್ದರು. ಹೆಲ್ಮೆಟ್ ಇತ್ತು. ಮುಖದ ಮೇಲೆ ಜಾಲರಿ ಇಳಿಸಿತ್ತು.

ಮಗಳೇ, ಕೇಳಿಸಿತಾ? ಜಾಲರಿ ಇಳಿಸಿತ್ತು.

ನಾನು ನನ್ನ ಬೆಣೆ ಇಟ್ಟು ಹೊಡೆದೆ, ಬೆಣ್ಣೆಯೊಳಗೆ ಹೋದ ಹಾಗೆ ಒಳಗೆ ಹೋಯಿತು. ಹೇಗಿದೆ ಅಂತ ಮನಸ್ಸಿನಲ್ಲೇ ಬೀಗಿದೆ. ಅಣ್ಣ ಅದನ್ನು ನೋಡಿದರು, ಬೆಳ್ಳಗಿದೆ, ಕೆಂಪು ಬಟ್ಟೆ ಇದೆ, ತಮ್ಮದೇ ಅಂದುಕೊಂಡರು. ದಿನಾ ತರುವಂತೆ ಚೈನನ್ನು ಅದರ ಪಕ್ಕಕ್ಕೇ ತಂದರು. ಕಿಡಿ ಹಾರಿತು. ಟಣ್ ಅಂತ ಒಂದು ಸದ್ದು. ಜಾಲರಿ ಅಂದರೆ ಹೊಟ್ಟು ತಡೆಯುವ ಬಲೆ ಅಷ್ಟೇ, ಮುರಿದ ಹಲ್ಲಿನ ಸೂಜಿಯಂಥ ಚೂರು ಅದರ ಕಣ್ಣಿನಿಂದ ತೂರಿ ಅಣ್ಣನ ಎಡಗಣ್ಣಿಗೆ ಹೋಯಿತು.

ಅವರು ಮಷೀನು ಆಫ್ ಮಾಡಿದರು. ಕೂಗಲಿಲ್ಲ. ಜಾಲರಿ ಎತ್ತಿ, ಎಡಗೈಯಿಂದ ಕಣ್ಣು ಮುಚ್ಚಿಕೊಂಡರು. ನಾವು ಓಡಿ ಹೋದರೆ, ಬಲಗೈ ಎತ್ತಿ, "ತಡಿ" ಅಂದರು. ಅರ್ಧ ಕೊಯ್ದ ಮರ ಗೋಡೆಯ ಪಕ್ಕ ನಿಂತಿದೆ, ಅದನ್ನು ಬಿಟ್ಟು ಹೋಗುವ ಹಾಗಿಲ್ಲ. ಚೈನು ಹಾಳಾಗಿದೆ. ಉಳಿದ ದಾರಿ ಬೆಣೆ ಒಂದೇ. ಅಣ್ಣನ ಮೂರು ಬೆಣೆಗಳನ್ನು ಒಂದೊಂದಾಗಿ ಹೊಡೆದೆ. ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು, ಉಳಿದ ಒಂದು ಕಣ್ಣಿನಿಂದ ಅವರು ಮರದ ತುದಿ ನೋಡುತ್ತಾ ನಿಂತಿದ್ದರು. ಇನ್ನೊಂದು, ಅನ್ನುತ್ತಿದ್ದರು. ಇನ್ನೊಂದು. ತಡಿ. ಅವತ್ತು ಆ ಗಳಿಗೆ ಎಷ್ಟು ದೊಡ್ಡದಾಗಿತ್ತು ಅಂದರೆ ನಾನು ಈಗಲೂ ಒಮ್ಮೊಮ್ಮೆ ಅದರೊಳಗೇ ಎಚ್ಚರವಾಗುತ್ತೇನೆ. ಹೊಟ್ಟು ತೇಲುತ್ತಿರುತ್ತದೆ, ಬಿಸಿಲು ನಿಂತಿರುತ್ತದೆ, ಮರ ಬೀಳುವುದೇ ಇಲ್ಲ.

ಆದರೆ ಅವತ್ತು ಬಿತ್ತು. ಗೋಡೆಗೆ ಒಂದು ಕಡ್ಡಿಯೂ ತಾಗಲಿಲ್ಲ. ಅಣ್ಣ ಬಗ್ಗಿ ಬುಡದಿಂದ ನನ್ನ ಬೆಣೆಯನ್ನು ತೆಗೆದುಕೊಂಡರು. ಅಂಗೈಯಲ್ಲಿ ಹೀಗೆ ಒಮ್ಮೆ ತೂಗಿದರು. ನನ್ನನ್ನು ನೋಡಿದರು. "ಭಾರ ಇದೆ," ಅಂದರು. ಅಷ್ಟೇ. ಜೇಬಿಗೆ ಹಾಕಿಕೊಂಡರು.

ಉಳಿದವರು ರಕ್ತ ಕಂಡರೇ ಹೊರತು ಜಾಲರಿ ಗಮನಿಸಿರಲಿಲ್ಲ, ಗಾಡಿ ತರಲು ಓಡಿದ್ದರು. ಅಣ್ಣ ಹೆಲ್ಮೆಟ್ಟಿನ ಜಾಲರಿ ಕಿತ್ತು ಕೊಂಬೆಗಳ ರಾಶಿಗೆ ಎಸೆದು, ಯಾರಾದರೂ ಕೇಳಿದರೆ ಜಾಲರಿ ಹಾಕಿರಲಿಲ್ಲ ಅಂತ ಹೇಳು ಅಂದರು. ನಾನು ಅಳುತ್ತಿದ್ದೆ. ಯಾಕಣ್ಣಾ ಅಂದೆ. "ನಂಗೆ ಕಣ್ಣು ಹೋಯ್ತು. ಹೇಳಿದ್ರೆ ನಿಂಗೆ ಕೆಲಸ ಹೋಗುತ್ತೆ. ಎರಡೆರಡು ಯಾಕೋ ಹೋಗ್ಬೇಕು?"

ಒಂದು ಕಣ್ಣಿನಲ್ಲಿ ಮರ ಎಷ್ಟು ವಾಲಿದೆ ಅಂತ ಅಂದಾಜಾಗುವುದಿಲ್ಲ. ಅಣ್ಣ ಮತ್ತೆ ಮಷೀನು ಮುಟ್ಟಲಿಲ್ಲ, ಶೆಡ್ಡಿನಲ್ಲಿ ಬೆಣೆ ಹೊಯ್ಯುತ್ತಾ ಉಳಿದರು. ಅವರ ಮಷೀನು ನನಗೆ ಬಂತು, ಅವರ ಮೇಸ್ತ್ರಿ ಕೆಲಸ ನನಗೆ ಬಂತು. ಇನ್ನೂ ನಾಚಿಕೆಯ ಮಾತು ಹೇಳುತ್ತೇನೆ ಕೇಳಿ. ಹೊಸಬರು ಬಂದಾಗಲೆಲ್ಲ ಸಾಲಾಗಿ ನಿಲ್ಲಿಸಿ, ಜಾಲರಿ ಹಾಕಿಕೊಳ್ಳದಿದ್ದರೆ ಬೆಣೆಯಣ್ಣನಿಗೆ ಆದದ್ದೇ ನಿಮಗೂ ಆಗುತ್ತದೆ ಅಂತ ಪಾಠ ಹೇಳಿದವನು ನಾನು. ನೀವೆಲ್ಲ ಅದನ್ನು ನನ್ನ ಬಾಯಲ್ಲೇ ಕೇಳಿದ್ದೀರಿ. ಹೇಳಿ ಹೇಳಿ, ಜಾಲರಿ ಇಲ್ಲದ ಅಣ್ಣನ ಮುಖವೇ ನನಗೂ ಕಾಣತೊಡಗಿತ್ತು.

ಅತ್ತಿಗೆ, ನೀವು ದಿನಾ ಬೆಳಿಗ್ಗೆ ಕಾಫಿ ಕೊಡುತ್ತಾ, ಒಂದು ಜಾಲರಿ ಇಳಿಸೋಕೆ ಏನು ಕಷ್ಟ ಇತ್ತು ಅಂತ ಬೈಯುತ್ತಿದ್ದಿರಿ. ಅಣ್ಣ ತಲೆ ತಗ್ಗಿಸಿ ನಗುತ್ತಿದ್ದರು. ನಾನು ತಡೆಯಲಾರದೆ ಒಮ್ಮೆ, ಸತ್ಯ ಹೇಳಿಬಿಡ್ತೀನಿ ಅಂದೆ. ಬೇಡ, ಆ ಬೈಗುಳ ಕೇಳದಿದ್ದರೆ ನನಗೆ ಬೆಳಗಾದ ಹಾಗೇ ಆಗಲ್ಲ, ಅಂದುಬಿಟ್ಟರು.

ಆ ಬೆಣೆ ಏನಾಯಿತು ಅಂತ ಕೇಳಬೇಕು ನೀವು. ಅಣ್ಣ ಅದನ್ನು ಶೆಡ್ಡಿನ ಬಾಗಿಲಿಗೆ ಇಟ್ಟರು. ಆ ಬಾಗಿಲು ಗಾಳಿಗೆ ತಾನೇ ಮುಚ್ಚಿಕೊಳ್ಳುತ್ತಿತ್ತಲ್ಲ, ಅದರ ಕೆಳಗೆ ಒತ್ತಿಟ್ಟರು. ಹತ್ತೊಂಬತ್ತು ವರ್ಷ. ಶೆಡ್ಡಿಗೆ ಹೋದಾಗಲೆಲ್ಲ ನಾನು ಅದನ್ನು ದಾಟಿಕೊಂಡೇ ಒಳಗೆ ಹೋಗಬೇಕು. ಕಾಲು ತಾಗಿ ತಾಗಿ ಬೆಳ್ಳಿ ಬಣ್ಣ ಸವೆದು ಒಳಗಿನ ಕಪ್ಪು ಕಾಣುತ್ತಿತ್ತು. ನನಗೆ ಶಿಕ್ಷೆ ಕೊಡಲು ಇಟ್ಟಿದ್ದಾರೆ ಅಂದುಕೊಂಡೆ. ಎಷ್ಟೋ ವರ್ಷ ಹಾಗೇ ಅಂದುಕೊಂಡಿದ್ದೆ.

ಹೋದ ವರ್ಷ ಒಂದು ಮಧ್ಯಾಹ್ನ ಬಾಯಿಬಿಟ್ಟು ಕೇಳಿದೆ. ಅಣ್ಣಾ, ಅದನ್ನ ಎಲ್ಲಾದರೂ ಬಿಸಾಕಿಬಿಡು, ನನ್ನ ಕೈಲಿ ನೋಡೋಕಾಗಲ್ಲ, ಅಂದೆ. ಅವರು ಉಜ್ಜುತ್ತಿದ್ದ ಅರ ನಿಲ್ಲಿಸಲಿಲ್ಲ. "ಯಾಕೆ ಬಿಸಾಕ್ಲಿ? ಅದಿಲ್ದಿದ್ರೆ ಬಾಗಿಲು ಮುಚ್ಕೊಳುತ್ತೆ," ಅಂದರು. ಸ್ವಲ್ಪ ಹೊತ್ತಿನ ಮೇಲೆ, ಬೇರೆ ಯಾರಿಗೋ ಹೇಳುವ ಹಾಗೆ, "ಮುಚ್ಚಿದ್ರೆ ನೀನು ಹೊರಗಿಂದ ಹೊರಗೇ ವಾಪಸ್ ಹೋಗಿಬಿಡ್ತೀಯ," ಅಂದರು.

ನನ್ನ ಅಣ್ಣ ಅವರು. ಒಡಹುಟ್ಟಿದವರಲ್ಲ, ಆದರೂ ನನ್ನ ಅಣ್ಣ. ನಾನು ಇಷ್ಟು ಹೊತ್ತು ಅಳಬಾರದು ಅಂತಲೇ ಬ್ಯಾನರು, ಟಿಫಿನ್ ಡಬ್ಬಿ ಅಂತ ಏನೇನೋ ಹೇಳಿದೆ.

ಇವತ್ತು ಈ ಮಾತು ಹೇಳಬೇಕು ಅಂತ ನಾನು ಮನೆಯಿಂದ ಹೊರಟಿರಲಿಲ್ಲ. ಸತ್ಯ ಹೇಳುತ್ತೇನೆ, ನಾಲ್ಕು ಒಳ್ಳೆಯ ಮಾತಾಡಿ ಇಳಿದುಬಿಡೋಣ ಅಂತಲೇ ಬಂದವನು. ಈ ಸಭಾಂಗಣದ ಬಾಗಿಲು ಗೊತ್ತಲ್ಲ, ಸ್ಪ್ರಿಂಗ್ ಬಾಗಿಲು, ಬಿಟ್ಟರೆ ಮುಚ್ಚಿಕೊಳ್ಳುತ್ತದೆ. ಬರುವವರಿಗೆ ತೊಂದರೆ ಆಗದಿರಲಿ ಅಂತ ಮಗಳು ಮನೆಯಿಂದ ಏನನ್ನೋ ತಂದು ಕೆಳಗೆ ಒತ್ತಿಟ್ಟಿದ್ದಾಳೆ. ಅವಳಿಗೆ ಅದು ಶೆಡ್ಡಿನ ಬಾಗಿಲಿನ ಬೆಣೆ, ಅಷ್ಟೇ. ನಾನು ಒಳಗೆ ಬರುವಾಗ ಕಾಲ ಬಳಿ ನೋಡಿದೆ. ಹಿಂದಿನವರು ಸ್ವಲ್ಪ ಸರಿಯಿರಿ, ಎಲ್ಲರಿಗೂ ಕಾಣಲಿ. ಅಗೋ, ಅದೇ.

ಮಗಳೇ, ಎದ್ದು ಹೋಗಿ ಅದನ್ನು ಕೈಗೆ ತೆಗೆದುಕೋ. ನಿಮ್ಮಪ್ಪ ಜೋಪಾನದ ಮನುಷ್ಯ. ಒಂದೇ ಒಂದು ದಿನವೂ ಅವರು ಅಜಾಗರೂಕರಾಗಿರಲಿಲ್ಲ. ಎತ್ತಿ ನೋಡು, ಭಾರ ಇದೆ.

...

ಬಾಗಿಲು ಮುಚ್ಚಿಕೊಂಡಿತು. ಇರಲಿ, ಯಾರೂ ಏಳಬೇಡಿ. ಅತ್ತಿಗೆ ಏನೋ ಕೇಳುತ್ತಿದ್ದಾರೆ, ಹಿಂದಿನವರಿಗೆ ಕೇಳಿಸಿರಲಿಕ್ಕಿಲ್ಲ. "ಅವತ್ತು ಅವರು ಜಾಲರಿ ಹಾಕ್ಕೊಂಡಿದ್ರಾ?" ಅಂತ ಕೇಳುತ್ತಿದ್ದಾರೆ.

ಹಾಕಿಕೊಂಡಿದ್ದರು ಅತ್ತಿಗೆ. ಹಾಕಿಕೊಂಡಿದ್ದರು.

ನನ್ನ ಮೇಸ್ತ್ರಿ ಕೆಲಸವನ್ನು ಈ ಸಭೆ ಮುಗಿದ ಕೂಡಲೇ ಆಫೀಸಿಗೆ ಹೋಗಿ ಒಪ್ಪಿಸುತ್ತೇನೆ. ಅಣ್ಣನ ಬಗ್ಗೆ ಅಲ್ಲಿ ಬರೆದಿರುವುದನ್ನೂ ತಿದ್ದಿಸುತ್ತೇನೆ. ನನ್ನನ್ನು ಕ್ಷಮಿಸಿ ಅಂತ ಕೇಳುವ ಬಾಯಿ ನನಗಿಲ್ಲ. ನಿಮ್ಮ ಮನೆಯ ಕಡೆ ಬರಬೇಡ ಅಂದರೆ ಬರುವುದಿಲ್ಲ. ನೀವು ಹೇಳಿದ ಹಾಗೆ.

ಅತ್ತಿಗೆ ಮಗಳ ಕಡೆ ತಿರುಗಿ ಹೇಳುತ್ತಿದ್ದಾರೆ... ಮೈಕಿನಲ್ಲಿ ಹೇಳಲಾ ಅತ್ತಿಗೆ? ಹೇಳು ಅಂದರು. "ಅದನ್ನ ಮತ್ತೆ ಬಾಗಿಲಿಗೆ ಇಡು," ಅಂದರು.

ಇಡಮ್ಮ. ಇನ್ನೂ ಸ್ವಲ್ಪ ಒತ್ತು. ಹಾಂ, ನಿಂತಿತು.

ಇನ್ನು ನನಗೆ ಮಾತಿಲ್ಲ. ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಗಡಿಯಾರ ನೋಡುವುದು ಬೇಡ. ಒಂದು ದೊಡ್ಡ ಮರ ಮನಸ್ಸು ಮಾಡುವಷ್ಟು ಹೊತ್ತು ಮೌನವಾಗಿರೋಣ. ಬಾಗಿಲು ತೆರೆದೇ ಇರಲಿ. ಕೊಯ್ದದ್ದು ಆಯಿತು, ಕೊನೆಯ ಪೆಟ್ಟೂ ಬಿತ್ತು. ಅಣ್ಣ ಹೇಳುತ್ತಿದ್ದ ಮಾತನ್ನು ಇವತ್ತು ನಾನು ಹೇಳುತ್ತೇನೆ —

ತಡಿ.